ಮೆಟ್ರಿಯ ಜಗಲಿಯೂ ವೀಸಾ ಎಂಬ ಮುದ್ರೆಯೂ

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನಲ್ಲಿ ಮೆಟ್ರಿಯೆಂಬುದು ಒಂದು ಗ್ರಾಮ. ಹಂಪೆಯ ವಿರೂಪಾಕ್ಷನ ದರ್ಶನಕ್ಕೆಂದು ಬರುವ ಯಾತ್ರಿಕರಲ್ಲಿ ಬಹು ಮಂದಿ ಈ ಊರಿನ ಹೆಸರನ್ನು ಕೇಳಿರಲಾರರು. ಕೇಳಿದವರೂ ಅಲ್ಲಿಯವರೆಗೆ ಹೋಗುವ ಶ್ರಮವನ್ನು ತೆಗೆದುಕೊಳ್ಳಲಾರರು. ಆದರೆ ಹೊಸಪೇಟೆಯಲ್ಲಿ ರೈಲಿನಿಂದಿಳಿದು, ಕಮಲಾಪುರವನ್ನು ದಾಟಿ, ಕಂಪ್ಲಿಯ ಹಾದಿಯನ್ನು ಹಿಡಿದವರಿಗೆ ಆ ದಾರಿಯೇ ಒಂದು ಪಾಠವಾಗಿದೆ. ಯಾರೋ ಅಡುಕಿ ಇಟ್ಟಂತಿರುವ ಬಂಡೆಗಳ ರಾಶಿ ಒಂದು ಕಡೆ. ಅರಸರ ಕಾಲದ ಕಾಲುವೆಗಳ ನೀರನ್ನು ಕುಡಿದು ಬೆಳೆದ ಬತ್ತ, ಬಾಳೆ, ಕಬ್ಬುಗಳ ಹಸುರು ಮತ್ತೊಂದು ಕಡೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹೊಸಪೇಟೆ ಹಂಪೆಗಳು ಆ ಜಿಲ್ಲೆಗೆ ಹೋದವು. ಕಂಪ್ಲಿ ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದವು. ಆದಕಾರಣ ಹಂಪೆಯಿಂದ ಮೆಟ್ರಿಗೆ ಹೋಗುವವನು ದಾರಿಯಲ್ಲಿ ಒಂದು ಜಿಲ್ಲೆಯ ಎಲ್ಲೆಯನ್ನು ದಾಟಿಯೇ ಹೋಗುತ್ತಾನೆ. ಆದರೂ ಅವನನ್ನು ತಡೆದು, ನೀನಾರು, ಎಲ್ಲಿಂದ ಬಂದೆ, ಏತಕ್ಕೆ ಹೋಗುವೆ, ಎಂದಿಗೆ ಹಿಂದಿರುಗುವೆ, ಎಂದು ಕೇಳುವವರು ಒಬ್ಬರೂ ಇಲ್ಲ.

ಈ ಸುಖವು ಈ ಸೀಮೆಗೆ ಹಳೆಯದೇನೂ ಅಲ್ಲ. ೧೯೪೭ಕ್ಕೆ ಮುಂಚೆ ಕಂಪ್ಲಿ ಹೊಸಪೇಟೆಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ತುಂಗಭದ್ರೆಯ ಆಚೆಯ ದಡದ ಆನೆಗೊಂದಿ, ಗಂಗಾವತಿಗಳು ಹೈದರಾಬಾದಿನ ನಿಜಾಮರ ರಾಜ್ಯದಲ್ಲಿದ್ದವು. ಆ ರಾಜ್ಯಕ್ಕೆ ತನ್ನದೇ ಸುಂಕ, ತನ್ನದೇ ನಾಣ್ಯ. ಬೆಟ್ಟಗಳ ನಡುವೆ ಸಂಡೂರು ಘೋರ್ಪಡೆ ಅರಸರ ಸಂಸ್ಥಾನವಾಗಿದ್ದಿತು. ಭಾಷೆ ಒಂದೇ, ಬೀಗತನ ಒಂದೇ, ಜಾತ್ರೆ ಒಂದೇ. ಪ್ರಭುತ್ವ ಮಾತ್ರ ಮೂರು. ಸಂಡೂರು ೧೯೪೯ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ೧೯೫೬ರ ನವೆಂಬರ್ ೧ರಂದು ಆಚೆಯ ದಡದವರೂ ಈಚೆಯ ದಡದವರೂ ಒಂದೇ ರಾಜ್ಯದ ಪ್ರಜೆಗಳಾದರು. ನದಿಯು ಆಗಲೂ ಈಗಲೂ ಅದೇ ಪಾತ್ರದಲ್ಲಿಯೇ ಹರಿಯುತ್ತಿದೆ. ಎಲ್ಲೆಗಳು ಮಾತ್ರ ಮನುಷ್ಯರು ಎಳೆದಂತೆ ಮೂಡಿ, ಅಳಿಸಿದಂತೆ ಅಳಿದಿವೆ.

ಇಂತಹ ಸೀಮೆಯ ಮೆಟ್ರಿಯಲ್ಲಿ ನಮ್ಮ ಹಳೆಯ ಮಿತ್ರರೊಬ್ಬರಿದ್ದಾರೆ; ಒಕ್ಕಲುತನದ ಗೃಹಸ್ಥರು. ಈ ವರ್ಷ ಅವರಲ್ಲಿಗೆ ಹೋಗಿದ್ದಾಗ ಮನೆಯಲ್ಲಿ ಎಂದಿನ ಕಳೆಯಿರಲಿಲ್ಲ. ಅವರ ಒಬ್ಬಳೇ ಮಗಳು ಗಂಡನೊಡನೆ ಸಮುದ್ರದಾಚೆಯ ದೇಶದಲ್ಲಿದ್ದಾಳೆ. ಈಗ ಚೊಚ್ಚಲ ಬಸುರಿ. ನಮ್ಮಲ್ಲಿ ಚೊಚ್ಚಲ ಹೆರಿಗೆಯು ತವರಿನಲ್ಲಿ ಆಗಬೇಕಷ್ಟೆ. ಉದ್ಯೋಗದ ನಿಮಿತ್ತದಿಂದ ತವರಿಗೆ ಬರಲಾರದ ಮಗಳ ಬಳಿಗೆ ತವರೇ ಹೊರಟು ಹೋಗಬೇಕಾಗಿದ್ದಿತು. ದಂಪತಿಗಳು ಪಾಸ್‌ಪೋರ್ಟು ಮಾಡಿಸಿ, ದೂರದ ನಗರದಲ್ಲಿದ್ದ ಆ ದೇಶದ ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಕಿಟಕಿಯ ಒಳಗಿದ್ದ ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬಂದಿದ್ದರು. ವೀಸಾ ದೊರೆತಿರಲಿಲ್ಲ.

"ಮೇಷ್ಟ್ರೇ, ಪಾಸ್‌ಪೋರ್ಟು ಕೊಟ್ಟಿದ್ದು ನಮ್ಮ ಸರ್ಕಾರ. ಅದರ ಮ್ಯಾಲೆ ಮತ್ತೊಂದು ವೀಸಾ ಯಾಕ್ರಿ? ನಾವೇನು ಕಳ್ಳರೇನ್ರಿ?" ಎಂದು ಮಿತ್ರರು ಕೇಳಿದರು. ಅವರ ಧರ್ಮಪತ್ನಿಯು ಬಾಗಿಲ ಮರೆಯಿಂದಲೇ, "ಮಗಳ ಬಾಣಂತನಕ್ಕ ತಾಯಿ ಹೋಗಾಕ ಯಾರ ಅಪ್ಪಣಿ ಬೇಕ್ರಿ ಅಣ್ಣಾರೇ?" ಎಂದರು.

ಈ ಎರಡು ಪ್ರಶ್ನೆಗಳೂ ಉತ್ತರಕ್ಕೆ ಯೋಗ್ಯವಾದುವು. ಇಂದು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತಿರುವುದರಿಂದ, ಅಂದು ಜಗಲಿಯ ಮೇಲೆ ನಾವು ಹೇಳಿದ್ದನ್ನು ತುಸು ವಿಸ್ತರಿಸಿ ವಾಚಕರ ಮುಂದಿಡುತ್ತೇವೆ.

ಮೊದಲು ಶಬ್ದಾರ್ಥ. ಪಾಸ್‌ಪೋರ್ಟಿಗೆ ನಮ್ಮ ಹಿರಿಯರು ರಹದಾರಿಯೆನ್ನುತ್ತಿದ್ದರು. ಇವನು ನಮ್ಮವನು, ಇವನ ಹೆಸರು ಇದು, ಇವನಿಗೆ ದಾರಿಯನ್ನು ಬಿಡಿರಿ, ಎಂದು ಪ್ರಯಾಣಿಕನ ಸ್ವಂತ ಸರ್ಕಾರವು ಹೇಳುವ ಮಾತೇ ರಹದಾರಿ. ವೀಸಾ ಎಂಬುದು ಲ್ಯಾಟಿನ್ ಭಾಷೆಯ ಮಾತು; 'ನೋಡಲ್ಪಟ್ಟದ್ದು' ಎಂದು ಅದರ ಅರ್ಥ. ಈ ಪತ್ರವನ್ನು ನಾವು ನೋಡಿದ್ದೇವೆ, ಇವನು ಬರಬಹುದು, ಎಂದು ಬರಮಾಡಿಕೊಳ್ಳುವ ದೇಶವು ಒತ್ತುವ ಮುದ್ರೆಯೇ ವೀಸಾ. ನೋಡುವುದೆಂಬ ಅರ್ಥದ ಆ ಲ್ಯಾಟಿನ್ ಧಾತುವೂ, ತಿಳಿಯುವುದೆಂಬ ಅರ್ಥದ ನಮ್ಮ 'ವಿದ್' ಧಾತುವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಹಾಗೆ ನೋಡಿದರೆ ವೇದವೂ ವೀಸಾವೂ ದೂರದ ದಾಯಾದಿಗಳು! ಒಂದು ರಹದಾರಿ, ಒಂದು ವೀಸಾ: ಕಳುಹಿಸುವವರ ಮಾತು ಮೊದಲನೆಯದು, ಕರೆಯುವವರ ಮಾತು ಎರಡನೆಯದು. ಕನ್ಯೆಯ ಕಡೆಯವರು ಒಪ್ಪಿದ ಮಾತ್ರಕ್ಕೆ ಲಗ್ನವು ನಿಶ್ಚಯವಾಗುವುದೆ? ವರನ ಕಡೆಯವರೂ ಒಪ್ಪಬೇಕು. ಮಿತ್ರರ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ.

ಇದು ಬಿಳಿಯರು ತಂದ ಹೊಸ ಕಟ್ಟಳೆಯೆಂದು ಭಾವಿಸುವವರುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ೧೯೦೫ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಗರಿಯ ಪ್ರತಿಯು ಸಿಕ್ಕಿತು. ೧೯೦೯ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯವನ್ನು ಹೇಳಿದೆ. ಅವನು ಒಂದು ಮಾಷಕವನ್ನು ತೆಗೆದುಕೊಂಡು ಪ್ರಯಾಣಿಕನಿಗೆ ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯುಳ್ಳವನೇ ಜನಪದದೊಳಗೆ ಬರಲೂ ಹೊರಗೆ ಹೋಗಲೂ ಅರ್ಹನು. ಮುದ್ರೆಯಿಲ್ಲದೆ ತಿರುಗುವ ದೇಶೀಯನಿಗೆ ಹನ್ನೆರಡು ಪಣ ದಂಡ. ಕೂಟಮುದ್ರೆಯನ್ನು, ಎಂದರೆ ಸುಳ್ಳು ಪತ್ರವನ್ನು, ತೋರಿಸಿದವನಿಗೆ ಅದಕ್ಕಿಂತ ದೊಡ್ಡ ದಂಡ; ಆ ಸುಳ್ಳುಗಾರನು ಪರದೇಶೀಯನಾಗಿದ್ದರೆ ಎಲ್ಲಕ್ಕಿಂತ ಹೆಚ್ಚಿನದು. ಊರುಗಳ ನಡುವಣ ಬಯಲುಗಳಲ್ಲಿ ಹುಲ್ಲುಗಾವಲಿನ ಅಧ್ಯಕ್ಷನು ದಾರಿಹೋಕರ ಮುದ್ರೆಯನ್ನು ಪರೀಕ್ಷಿಸಬೇಕು. ಇಲ್ಲಿ ಒಂದು ವಿನೋದವುಂಟು. ಮಾಷಕವೆಂದರೆ ಪಣದ ಹದಿನಾರನೆಯ ಒಂದು ಪಾಲೆಂದು ಎಣಿಸುವುದುಂಟು. ಹದಿನಾರನೆಯ ಒಂದು ಪಾಲಿಗೆ ನಮ್ಮ ಹಳೆಯ ಲೆಕ್ಕದಲ್ಲಿ ಹೆಸರೇನು? 'ವೀಸ'! ಕಾಕತಾಳೀಯವೇ ಸರಿ, ಆದರೂ ಮೆಟ್ರಿಯ ಜಗಲಿಯ ಮೇಲೆ ಅಂದು ಮೊದಲ ಸಲ ನಗು ಹುಟ್ಟಿದ್ದು ಈ ಮಾತಿನಿಂದಲೇ.

ಇನ್ನು ದೂರ ಹೋಗಬೇಕಾಗಿಲ್ಲ. ಹಂಪೆಯಲ್ಲಿಯೇ ನಡೆದುದನ್ನು ಕೇಳಿರಿ. ಹೆರಾತಿನ ಬಾದಶಹನಾದ ಶಾಹ್ ರುಖ್‌ನು ಅಬ್ದುಲ್ ರಜಾಕನೆಂಬವನನ್ನು ರಾಯಭಾರಿಯಾಗಿ ಕಲ್ಲಿಕೋಟೆಗೆ ಕಳುಹಿಸಿದ್ದನು. ಪ್ರೌಢದೇವರಾಯನು ಇವನ ಸುದ್ದಿಯನ್ನು ಕೇಳಿ ತನ್ನಲ್ಲಿಗೆ ಕರೆಯಿಸಿಕೊಂಡನು. ೧೪೪೩ರಲ್ಲಿ ರಜಾಕನು ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದನು. ಅವನಿಗೆ ಬಿಡಾರವನ್ನು ಕೊಟ್ಟು, ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ, ಇಷ್ಟನ್ನು ಅರಮನೆಯಿಂದ ನಡೆಯಿಸುತ್ತಿದ್ದರೆಂದು ಅವನೇ ಬರೆದಿಟ್ಟಿದ್ದಾನೆ. ಹೀಗಿರಲಾಗಿ ಹೋರ್ಮುಜಿನ ವರ್ತಕರು ಇವನ ಸನ್ಮಾನವನ್ನು ಕಂಡು ಸಹಿಸದೆ, ಇವನು ನಿಜವಾದ ರಾಯಭಾರಿಯಲ್ಲವೆಂದು ಗುಲ್ಲೆಬ್ಬಿಸಿದರು. ಆ ಮಾತು ಆಸ್ಥಾನದವರೆಗೂ ಮುಟ್ಟಿ, ಮೊದಲಿದ್ದ ಮರ್ಯಾದೆಗೆ ಕುಂದು ತಂದಿತು. ಕೊನೆಗೆ ರಾಯನು ಅವನನ್ನು ಕ್ಷೇಮವಾಗಿ ಕಳುಹಿಸಿಕೊಟ್ಟರೂ, ಬಾದಶಹನಿಗೆ ಬರೆದ ಓಲೆಯಲ್ಲಿ ಈ ಸಂಶಯವನ್ನು ಸೂಚಿಸದೆ ಇರಲಿಲ್ಲ.

ಈ ಕಥೆಯಲ್ಲಿ ವೀಸಾದ ಮರ್ಮವೆಲ್ಲ ಅಡಗಿದೆ. ಅಪರಿಚಿತನು ಬಾಗಿಲಲ್ಲಿ ನಿಂತಾಗ ಮನೆಯವನಿಗೆ ಮೂರು ಸಂದೇಹಗಳು ಸಹಜ: ಇವನು ತಾನು ಹೇಳಿದವನೇ ಹೌದೆ? ಬಂದ ಕಾರ್ಯವು ತಾನು ಹೇಳಿದುದೇ ಹೌದೆ? ಹೇಳಿದ ದಿನಕ್ಕೆ ಹೊರಡುವನೆ? ಮೊದಲನೆಯದಕ್ಕೆ ರಹದಾರಿಯು ಉತ್ತರವನ್ನು ಕೊಡುತ್ತದೆ. ಮಿಕ್ಕ ಎರಡಕ್ಕೆ ಉತ್ತರವನ್ನು ಹುಡುಕುವುದೇ ವೀಸಾದ ಪ್ರಯೋಜನ. ಸನ್ಮಾನಕ್ಕೆ ಅರ್ಹನಾದ ಅತಿಥಿಯೂ ತಕ್ಕ ಪ್ರಮಾಣವನ್ನು ತೋರಿಸಲಾರದೆ ಹೋದಾಗ ಸಂಶಯಕ್ಕೆ ಗುರಿಯಾಗುತ್ತಾನೆ. ಅದು ಅವನ ಶೀಲಕ್ಕೆ ಬಂದ ಕಳಂಕವಲ್ಲ. ಅರಿಯದವರ ಬಾಗಿಲಲ್ಲಿ ನಿಂತವರೆಲ್ಲರ ಪಾಡು.

ಒಳಗೆ ಬರಮಾಡಿಕೊಂಡವನ ಹೊಣೆಯು ಎಷ್ಟು ಭಾರವಾದುದೆಂಬುದನ್ನು ಕಂಪ್ಲಿಯ ನೆಲವೇ ಸಾರುತ್ತದೆ. ೧೩೨೭ರ ಸುಮಾರಿನಲ್ಲಿ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ಸಂಬಂಧಿಯಾದ ಬಹಾವುದ್ದೀನ್ ಗುರ್ಷಾಸ್ಪನು ಅವನ ಮೇಲೆ ದಂಗೆಯೆದ್ದು, ಸೋತು, ಇಲ್ಲಿನ ಅರಸನಾದ ಕಂಪಿಲರಾಯನ ಮರೆಹೊಕ್ಕನು. ಬೆನ್ನಟ್ಟಿ ಬಂದ ದಿಲ್ಲಿಯ ದಂಡಿಗೆ ಕಂಪಿಲರಾಯನು ಅವನನ್ನು ಒಪ್ಪಿಸಲಿಲ್ಲ. ಅವನನ್ನು ದೋರಸಮುದ್ರದ ಬಲ್ಲಾಳನಲ್ಲಿಗೆ ಕಳುಹಿಸಿ, ತಾನು ಕಾದಾಡಿ ಮಡಿದನು, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು, ರಾಜ್ಯವು ನಾಶವಾಯಿತು. ಬಲ್ಲಾಳನಾದರೋ ಶರಣಾಗತನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿ ತನ್ನ ರಾಜ್ಯವನ್ನು ಉಳಿಸಿಕೊಂಡನು. ಯಾರು ಮಾಡಿದುದು ಸರಿಯೆಂಬುದನ್ನು ಧರ್ಮಜ್ಞರು ವಿಚಾರಿಸಲಿ. ನಮಗೆ ಇಲ್ಲಿ ಬೇಕಾದುದಿಷ್ಟೆ: ಪರದೇಶೀಯನನ್ನು ಒಳಕ್ಕೆ ಕರೆದ ಕ್ಷಣದಿಂದ ಅವನ ಕ್ಷೇಮವೂ ಅವನಿಂದ ಬರಬಹುದಾದ ಕ್ಷೋಭವೂ ಕರೆದವನ ಪಾಲಿಗೆ ಬೀಳುತ್ತವೆ. ಆದಕಾರಣ ಕರೆಯುವ ಮುನ್ನ ವಿಚಾರಿಸುವುದನ್ನು ಅನ್ಯಾಯವೆನ್ನಲಾಗದು.

ಈಗಿನ ಪದ್ಧತಿಯು ಬಲವಾಗಿ ಬೇರೂರಿದ್ದು ೧೯೧೪ರ ಮಹಾಯುದ್ಧದಿಂದ ಈಚೆಗೆ. ಅದಕ್ಕೆ ಮುಂಚೆ ಯೂರೋಪಿನ ಬಹುಭಾಗದಲ್ಲಿ ಜನರು ರಹದಾರಿಯಿಲ್ಲದೆಯೇ ತಿರುಗಾಡುತ್ತಿದ್ದರು. ಯುದ್ಧದಲ್ಲಿ ಗೂಢಚಾರರ ಭಯದಿಂದ ಗಡಿಗಳು ಮುಚ್ಚಿದವು. ಯುದ್ಧವು ಮುಗಿದರೂ ಬಾಗಿಲುಗಳು ಪೂರ್ತಿಯಾಗಿ ತೆರೆಯಲಿಲ್ಲ. ೧೯೨೦ರಲ್ಲಿ ರಾಷ್ಟ್ರಸಂಘವು ಪ್ಯಾರಿಸಿನಲ್ಲಿ ನಡೆಯಿಸಿದ ಸಮ್ಮೇಳನದಿಂದ ರಹದಾರಿಗೆ ಒಂದು ಸಾಮಾನ್ಯ ರೂಪವು ಬಂದಿತು. ಅದೇ ವರ್ಷ ನಮ್ಮ ದೇಶದಲ್ಲಿಯೂ ಪ್ರವೇಶಕ್ಕೆ ರಹದಾರಿಯನ್ನು ವಿಧಿಸುವ ಕಾಯಿದೆಯಾಯಿತು. ಅದನ್ನೂ ಅಂತಹ ಇತರ ಹಳೆಯ ಕಾಯಿದೆಗಳನ್ನೂ ತೆಗೆದುಹಾಕಿ, ೨೦೨೫ರ ಸೆಪ್ಟೆಂಬರ್ ೧ರಿಂದ ಹೊಸದೊಂದು ಕಾಯಿದೆಯು ಜಾರಿಗೆ ಬಂದಿದೆ.

ನಾವೂ ಬರುವವರನ್ನು ವಿಚಾರಿಸದೆ ಬಿಡುವವರಲ್ಲ. ಹಂಪೆಯ ಓಣಿಗಳಲ್ಲಿ ಬೆನ್ನಿಗೆ ಗಂಟು ಕಟ್ಟಿಕೊಂಡು ಅಲೆಯುವ ಪರದೇಶದ ತರುಣತರುಣಿಯರನ್ನು ವಾಚಕರು ಕಂಡಿರಬಹುದು. ಅವರಲ್ಲಿ ಬಹು ಮಂದಿ ನಮ್ಮ ಸರ್ಕಾರದ ಅನುಮತಿಯನ್ನು ಪಡೆದೇ ಬಂದವರು. ಅವರು ಯಾವ ವಸತಿಗೃಹದಲ್ಲಿ ಇಳಿದುಕೊಂಡರೂ, ಅದರ ಯಜಮಾನನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿ ಮಾಡಬೇಕು. ನೋಡಲೆಂದು ಬಂದವನು ಇಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಗುಡಿಯನ್ನು ನೋಡಲು ಒಂದು, ವಿದ್ಯೆಗೆ ಒಂದು, ಉದ್ಯೋಗಕ್ಕೆ ಒಂದು, ಚಿಕಿತ್ಸೆಗೆ ಒಂದು, ಹೀಗೆ ಕಾರ್ಯಕ್ಕೆ ತಕ್ಕ ವೀಸಾ. ಮೆಟ್ರಿಯ ದಂಪತಿಗಳಿಗೆ ಆ ದೇಶವು ಹಾಕಿದ ಪ್ರಶ್ನೆಗಳನ್ನೇ ನಮ್ಮ ದೇಶವೂ ಅವರವರಿಗೆ ಹಾಕುತ್ತದೆ.

ಹಾಗೆಂದು ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿವೆಯೆಂದು ನಾವು ಹೇಳುವುದಿಲ್ಲ. ೨೦೧೪ರಿಂದ ಈಚೆಗೆ ಅನೇಕ ದೇಶಗಳವರು ತಮ್ಮ ಮನೆಯಲ್ಲಿ ಕುಳಿತೇ ಅಂತರಜಾಲದ ಮೂಲಕ ನಮ್ಮ ವೀಸಾವನ್ನು ಪಡೆಯುತ್ತಾರೆ. ನಮ್ಮ ಹಳ್ಳಿಯ ವೃದ್ಧರಾದರೋ ಅಮೆರಿಕಕ್ಕೆ ಹೋಗಬೇಕಾದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಕಿಟಕಿಯ ಮುಂದೆ ನಿಲ್ಲಬೇಕು. ಬಡ ದೇಶದವನು ಬಂದರೆ ಹೋಗಲಾರನೆಂಬ ಶಂಕೆಯು ಸಿರಿವಂತ ದೇಶಗಳ ಕಾಯಿದೆಗಳಲ್ಲಿಯೇ ಹೊಕ್ಕಿದೆ. ಅಮೆರಿಕದ ೧೯೫೨ರ ಕಾಯಿದೆಯ ಪ್ರಕಾರ, ಸಂದರ್ಶನಕ್ಕೆಂದು ವೀಸಾ ಕೇಳುವವನನ್ನು, ಅವನು ಬೇರೆಯಾಗಿ ಸಿದ್ಧಪಡಿಸುವವರೆಗೂ, ಅಲ್ಲಿಯೇ ನೆಲಸಲು ಬಂದವನೆಂದೇ ಎಣಿಸತಕ್ಕದ್ದು. ನೇಪಾಳದ ಹಾದಿಯಲ್ಲಿ ನಮಗೆ ಈ ತೊಡಕಿಲ್ಲ. ಅಲ್ಲಿಗೆ ಭಾರತೀಯನು ವೀಸಾ ಇಲ್ಲದೆಯೇ ಹೋಗಿ ಬರಬಹುದು. ಸ್ನೇಹವೂ ವಿಶ್ವಾಸವೂ ಬೆಳೆದಲ್ಲಿ ಮುದ್ರೆಯ ಅಗತ್ಯವು ಕಡಮೆಯಾಗುತ್ತದೆಂಬುದಕ್ಕೆ ಇದೇ ನಿದರ್ಶನ.

ಅಪ್ಪಣೆಯೆಂಬುದು ದಯೆಯನ್ನು ಮರೆತರೆ ಏನಾಗುವುದೆಂಬುದನ್ನೂ ನಾವು ನೋಡಿದ್ದೇವೆ. ೨೦೨೦ರ ಮಾರ್ಚಿಯಲ್ಲಿ ಕೊರೋನಾ ಸಾಂಕ್ರಾಮಿಕದ ಭೀತಿಯಿಂದ ಕರ್ನಾಟಕವು ಕೇರಳದ ಕಡೆಯ ಹಾದಿಗಳನ್ನು ಮುಚ್ಚಿತು. ತಲೆತಲಾಂತರದಿಂದ ವೈದ್ಯಕ್ಕೆಂದು ಮಂಗಳೂರಿಗೆ ಬರುತ್ತಿದ್ದ ಕಾಸರಗೋಡಿನ ಜನರು, ಅವರಲ್ಲಿ ಕನ್ನಡಿಗರೂ, ತಲಪಾಡಿಯ ಗಡಿಯಲ್ಲಿ ತಡೆಯಲ್ಪಟ್ಟರು, ರೋಗಿಗಳು ಕಷ್ಟಕ್ಕೊಳಗಾದರು. ವಿಷಯವು ನ್ಯಾಯಾಲಯಗಳವರೆಗೆ ಹೋಗಿ, ಏಪ್ರಿಲ್ ತಿಂಗಳಿನಲ್ಲಿ ತುರ್ತಾದ ರೋಗಿಗಳಿಗೆ ದಾರಿಯನ್ನು ಬಿಡುವ ಏರ್ಪಾಡಾಯಿತು. ಒಂದೇ ದೇಶದ ಎರಡು ರಾಜ್ಯಗಳ ನಡುವೆಯೇ ಹೀಗಾದ ಮೇಲೆ, ಬಾಗಿಲು ಕಾಯುವವನಿಗೆ ಕಣ್ಣಿನೊಡನೆ ಕರುಳೂ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕೆ? ಮೆಟ್ರಿಯ ತಾಯಿಯ ಪ್ರಶ್ನೆಯಲ್ಲಿ ಇದೇ ಸತ್ಯವಿದೆ. ಕಾಯಿದೆಯು ಆಕೆಯನ್ನು ವಿಚಾರಿಸಬಹುದು. ಆದರೆ ಬಸುರಿಯ ತಿಂಗಳುಗಳು ಕಾಯಿದೆಗಾಗಿ ಕಾಯುವುದಿಲ್ಲ.

ಇಷ್ಟಾದ ಮೇಲೆ, ಅಂದು ಕಿಟಕಿಯಲ್ಲಿ ನಡೆದುದನ್ನು ವಿವರವಾಗಿ ಕೇಳಿದೆವು. ಎಷ್ಟು ದಿನ ಇರುವಿರಿ, ಎಂದು ಅಧಿಕಾರಿಯು ಕೇಳಿದನಂತೆ. "ಮಗಳು ಇರು ಅಂದಷ್ಟು ದಿನ" ಎಂದು ಮಿತ್ರರು ಉತ್ತರವಿತ್ತರಂತೆ. ಬೀಗರ ಮನೆಯಲ್ಲಿ ಇದಕ್ಕಿಂತ ಸೊಗಸಾದ ಮಾತಿಲ್ಲ. ಅತಿಥಿಯ ವಿನಯವೇ ಅದರಲ್ಲಿದೆ. ಗಡಿಯ ಬಾಗಿಲಲ್ಲಿ ಅದೇ ಮಾತು, ಹಿಂದಿರುಗುವ ಯೋಚನೆಯಿಲ್ಲವೆಂಬ ಅರ್ಥವನ್ನು ಕೊಡುತ್ತದೆ. ಅವರಿಗೆ ಹೊಲವಿದೆ, ಮನೆಯಿದೆ, ದನಕರುಗಳಿವೆ, ಹಾಸಿಗೆ ಹಿಡಿದ ವೃದ್ಧ ತಾಯಿಯಿದ್ದಾಳೆ. ಹಿಂದಿರುಗದೆ ಅವರಿಗೆ ಗತಿಯಿಲ್ಲ. ಅದೊಂದನ್ನೂ ಅವರು ಹೇಳಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆಯನ್ನು ನಂಬಿದ್ದರು. ಇಲ್ಲಿ ಗಾದೆಯು ಅರ್ಧ ಮಾತ್ರ ಸರಿ. ದುಃಖವನ್ನು ಹೇಳಿಕೊಳ್ಳಬೇಕಾಗಿಲ್ಲ; ಸಂಗತಿಯನ್ನು ಹೇಳಲೇಬೇಕು.

ನೆರೆಯವರೊಬ್ಬರು ಬೇರೊಂದು ಉಪಾಯವನ್ನು ಸೂಚಿಸಿದ್ದರು. ಪೇಟೆಯಲ್ಲಿ ಒಬ್ಬ ದಲ್ಲಾಳಿಯಿದ್ದಾನೆ. ಹಣವನ್ನು ಕೊಟ್ಟರೆ ಬ್ಯಾಂಕಿನ ಲೆಕ್ಕವನ್ನೂ ಬೇಕಾದ ಪತ್ರಗಳನ್ನೂ ತಾನೇ 'ತಯಾರು' ಮಾಡಿಕೊಡುತ್ತಾನೆ ಎಂಬುದಾಗಿ. ಇದನ್ನು ಕೇಳಿ ನಾವು ಕೌಟಿಲ್ಯನ ಕೂಟಮುದ್ರೆಯನ್ನು ಮತ್ತೆ ನೆನಪಿಗೆ ತಂದೆವು. ಅಂದು ಅದಕ್ಕೆ ದಂಡವಿದ್ದಿತು. ಇಂದು ಅದಕ್ಕಿಂತಲೂ ಕಠಿಣವಾದುದಿದೆ. ಅಮೆರಿಕದ ಕಾಯಿದೆಯಲ್ಲಿ, ಸುಳ್ಳಿನಿಂದ ವೀಸಾ ಪಡೆಯಲೆತ್ನಿಸಿದವನಿಗೆ ಸಾಧಾರಣವಾಗಿ ಜೀವಮಾನವೆಲ್ಲ ಪ್ರವೇಶವಿಲ್ಲ. ಇಲ್ಲವೆನ್ನಿಸಿಕೊಂಡವನು ಮತ್ತೊಮ್ಮೆ ಕೇಳಬಹುದು; ಸುಳ್ಳುಗಾರನೆನ್ನಿಸಿಕೊಂಡವನು ಮಗಳ ಮನೆಯ ಬಾಗಿಲನ್ನು ತನ್ನ ಕೈಯಿಂದಲೇ ಮುಚ್ಚಿಕೊಂಡಂತೆ. ಆ ದಲ್ಲಾಳಿಯ ಬಳಿಗೆ ಅವರು ಹೋಗಲಿಲ್ಲ. ಮಗಳಿಂದ ಕರೆಯೋಲೆಯನ್ನೂ ವೈದ್ಯರ ಪತ್ರವನ್ನೂ ತರಿಸಿ, ಹೊಲದ ಪಹಣಿಯನ್ನು ಜೊತೆಗಿಟ್ಟು, ಮತ್ತೆ ಅರ್ಜಿ ಹಾಕಿದ್ದಾರೆ. ಎಷ್ಟು ದಿನ, ಎಂದರೆ, "ಮೂರು ತಿಂಗಳು, ಹಿಂಗಾರಿ ಬಿತ್ತನೆಗೆ ಊರಲ್ಲಿರಬೇಕು" ಎಂದು ಹೇಳುವುದೆಂದು ನಿಶ್ಚಯವಾಗಿದೆ. ಇದು ಕಲಿಸಿಕೊಟ್ಟ ಮಾತಲ್ಲ; ಮೊದಲೇ ಇದ್ದ ನಿಜ.

ಇಂತಹ ಪ್ರಯಾಣವನ್ನು ಯೋಚಿಸುತ್ತಿರುವ ಗೃಹಸ್ಥರು ಮತ್ತೆರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ವೀಸಾ ದೊರೆತ ಮಾತ್ರಕ್ಕೆ ಪ್ರವೇಶವು ಸಿದ್ಧವಾಯಿತೆಂದು ತಿಳಿಯಲಾಗದು. ಅದು ಬಾಗಿಲವರೆಗೆ ಬರಲು ಅನುಮತಿ. ಆ ದೇಶದ ವಿಮಾನನಿಲ್ದಾಣದಲ್ಲಿರುವ ಅಧಿಕಾರಿಯು ಮತ್ತೊಮ್ಮೆ ವಿಚಾರಿಸಿ ಒಳಗೆ ಬಿಡುತ್ತಾನೆ. ಎರಡನೆಯದಾಗಿ, ವೀಸಾದ ಅವಧಿಯೇ ಬೇರೆ, ಇರತಕ್ಕ ಅವಧಿಯೇ ಬೇರೆ. ಅಮೆರಿಕದ ವೀಸಾ ಹತ್ತು ವರ್ಷಗಳದಾಗಿರಬಹುದು. ಒಂದು ಸಲಕ್ಕೆ ಇರಬಹುದಾದುದು ಬಾಗಿಲಲ್ಲಿ ಗೊತ್ತುಮಾಡಿದಷ್ಟೆ, ಸಾಮಾನ್ಯವಾಗಿ ಆರು ತಿಂಗಳು. ಯೂರೋಪಿನ ಷೆಂಗೆನ್ ಒಕ್ಕೂಟದ ದೇಶಗಳಲ್ಲಿ ಯಾವ ೧೮೦ ದಿನಗಳನ್ನು ತೆಗೆದುಕೊಂಡರೂ ಅದರೊಳಗೆ ೯೦ ದಿನಗಳನ್ನು ಮೀರುವಂತಿಲ್ಲ. ಒಂದು ದಿನ ಹೆಚ್ಚಾಗಿ ನಿಂತರೂ ಮುಂದಿನ ಪ್ರಯಾಣಕ್ಕೆ ಅದು ಮುಳ್ಳಾಗಬಹುದು.

ಪ್ರಯಾಣವು ಮನುಷ್ಯನಿಗೆ ವಿವೇಕವನ್ನು ಕೊಡುವುದೆಂದು ಬಲ್ಲವರು ಹೇಳುತ್ತಾರೆ. ಪ್ರಯಾಣಕ್ಕೆ ಮುಂಚೆ ಬರುವ ಈ ವಿಚಾರಣೆಯೂ ಅಷ್ಟಿಷ್ಟು ವಿವೇಕವನ್ನು ಕೊಡದೆ ಇರುವುದಿಲ್ಲ. ನೀನಾರು, ಏತಕ್ಕೆ ಹೊರಟೆ, ಎಂದು ಹಿಂದಿರುಗುವೆ, ಎಂಬ ಪ್ರಶ್ನೆಗಳಿಗೆ ಸತ್ಯವಾದ ಉತ್ತರವು ಯಾತ್ರಿಕನ ಬಾಯಲ್ಲಿರಬೇಕು. ಅಂತೆಯೇ, ಬಂದವನು ಸಂಶಯಕ್ಕೆ ಗುರಿಯಾದರೂ ಅತಿಥಿಯೇ ಎಂಬ ನೆನಪು ಬಾಗಿಲು ಕಾಯುವವನ ಮನಸ್ಸಿನಲ್ಲಿರಬೇಕು. ಮೊದಲನೆಯದು ನಮ್ಮ ಕೈಯಲ್ಲಿದೆ. ಎರಡನೆಯದನ್ನು, ಹಂಪೆಗೆ ಬರುವ ಪರದೇಶೀಯರ ವಿಷಯದಲ್ಲಿಯಾದರೂ, ನಾವು ನಡೆದು ತೋರಿಸಬಹುದು.